ರೂಟ್ ಕೆನಾಲ್ ನಂತರ ಸಿಬಿಸಿಟಿ ಸ್ಕ್ಯಾನ್: ಮೈಸೂರಿನ ಒಂದು ಸೆಂಟರಿನ ಅನುಭವ

ಮೇಲ್ದವಡೆಯ ಮೊದಲ ದವಡೆಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ವರ್ಷ ಕಳೆದರೂ ಅಗಿಯುವಾಗ ಸಣ್ಣ ನೋವು ಉಳಿದಿದ್ದರಿಂದ, ದಂತವೈದ್ಯರ ಸಲಹೆಯಂತೆ ಇಲ್ಲಿ ಸಿಬಿಸಿಟಿ ಸ್ಕ್ಯಾನ್ (ಹಲ್ಲು, ದವಡೆಗಳನ್ನು ಮೂರು ಆಯಾಮದಲ್ಲಿ ತೋರಿಸುವ ಎಕ್ಸ್‌ರೇ) ಮಾಡಿಸಿದೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಎಲ್ಲವೂ ವಾಸಿಯಾದಂತೆಯೇ ಕಂಡಿತ್ತು. ಆದರೆ ಅದು ಚಪ್ಪಟೆ ಚಿತ್ರವಾದ್ದರಿಂದ ಕೆನ್ನೆಯ ಮೂಳೆ, ಸೈನಸ್, ಬೇರುಗಳು ಒಂದರ ಮೇಲೊಂದು ಬಿದ್ದು, ಬೇರಿನ ತುದಿಯ ಮೂಳೆ ಸವೆತವು ಅವುಗಳ ಹಿಂದೆ ಮರೆಯಾಗಿಬಿಡಬಹುದು.

ರೇಡಿಯಾಲಜಿಸ್ಟ್ ಪರದೆಯ ಮೇಲೆ ಪದರ ಪದರವಾಗಿ ಚಿತ್ರವನ್ನು ಸರಿಸುತ್ತ, ಕೆನ್ನೆಯ ಬದಿಯ ಮುಂದಿನ ಬೇರಿನ ತುದಿಯಲ್ಲಿದ್ದ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಯನ್ನೂ (ಮೂಳೆ ಸವೆದ ಜಾಗ) ಅದೇ ಬೇರಿನಲ್ಲಿ ರೂಟ್ ಕೆನಾಲ್ ವೇಳೆ ತುಂಬದೆ ಉಳಿದಿದ್ದ ಎರಡನೆಯ ನಾಳವನ್ನೂ ತಾಳ್ಮೆಯಿಂದ ತೋರಿಸಿದರು. ಆ ನಾಳ ತಪ್ಪಿಹೋಗುವುದು ಅಪರೂಪವೇನಲ್ಲವಂತೆ. ಇಡೀ ದವಡೆಯ ಬದಲು ಆ ಹಲ್ಲಿನ ಸುತ್ತಲಿನ ಭಾಗವನ್ನಷ್ಟೇ ಸೆರೆಹಿಡಿದದ್ದು ನನಗೆ ತುಂಬಾ ಮೆಚ್ಚುಗೆಯಾಯಿತು, ಏಕೆಂದರೆ ಇದರಿಂದ ವಿಕಿರಣವೂ ಕಡಿಮೆ, ಸೂಕ್ಷ್ಮ ವಿವರವೂ ಹೆಚ್ಚು.

ಲೋಹದ ಕ್ಯಾಪಿನ ಸುತ್ತ ಗೆರೆಗಳು ಮೂಡಿ ಹಲ್ಲಿನ ಮೇಲ್ಭಾಗ ಮಸುಕಾಗಿತ್ತು. ಅದು ಈ ತಂತ್ರದ ಮಿತಿಯೇ ಹೊರತು ಸೆಂಟರಿನ ದೋಷವಲ್ಲ. ಚಿಕಿತ್ಸೆಗೆ ಮುಂಚಿನ ಸ್ಕ್ಯಾನ್ ನನ್ನಲ್ಲಿ ಇರದ ಕಾರಣ, ಆ ಚುಕ್ಕೆ ಕುಗ್ಗುತ್ತಿದೆಯೋ ಬೆಳೆಯುತ್ತಿದೆಯೋ ಎಂಬುದನ್ನು ವರದಿಯಲ್ಲಿ ಖಚಿತವಾಗಿ ಬರೆಯಲಿಲ್ಲ, ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ವರದಿ ಮಾತ್ರ ಹೇಳಿದ ದಿನಕ್ಕಿಂತ ಎರಡು ದಿನ ತಡವಾಗಿ ಕೈಸೇರಿತು.