ಹಿಂದಿನ ಚಕ್ರವೋ, ನಡುವಿನ ಚಕ್ರವೋ? ಎರಡೂ ಓಡಿಸಿ ನೋಡಿದೆ

ನನ್ನ ಪವರ್ ವೀಲ್‌ಚೇರ್‌ಗೆ ಮೋಟಾರ್ ಇರುವುದು ಹಿಂದಿನ ಎರಡು ದೊಡ್ಡ ಚಕ್ರಗಳಿಗೆ. ಗೆಳೆಯನೊಬ್ಬ ಹೊಸ ಕುರ್ಚಿ ಕೊಂಡ. ಅವನ ಹಳೆಯದು ಆರು ಚಕ್ರದ್ದು, ನಡುವಿನ ಜೋಡಿಗೆ ಮೋಟಾರ್. "ಹದಿನೈದು ದಿನ ಓಡಿಸಿ ನೋಡು ಮಾರಾಯ" ಅಂತ ಕಳಿಸಿಕೊಟ್ಟ.

ಮನೆಯೊಳಗೆ ಅವನದ್ದೇ ಗೆದ್ದಿತು. ನಿಂತಲ್ಲೇ ಬುಗುರಿ ಹಾಗೆ ತಿರುಗುತ್ತದೆ. ಫ್ರಿಜ್‌ಗೂ ಅಡುಗೆ ಕಟ್ಟೆಗೂ ನಡುವೆ ನನ್ನದನ್ನು ಮೂರು ಸಲ ಹಿಂದೆ ಮುಂದೆ ಮಾಡಬೇಕು. ಲಿಫ್ಟಿನಲ್ಲೂ ಅಷ್ಟೇ.

ಬೀದಿಗಿಳಿದಾಗ ಲೆಕ್ಕ ಬದಲಾಯಿತು. ರ‍್ಯಾಂಪ್ ಅಂದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ನಮ್ಮಲ್ಲಿ ಎಷ್ಟೋ ಕಡೆ ಬೈಕ್ ಹತ್ತಿಸೋಕೆ ಸುರಿದ ಸಿಮೆಂಟನ್ನೇ ರ‍್ಯಾಂಪ್ ಅಂತಾರೆ. ಅಂಥ ಏರಿನಲ್ಲಿ ನನ್ನ ಕುರ್ಚಿಯ ಭಾರವೆಲ್ಲ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಗುರಾಗುತ್ತದೆ. ಬೆಲ್ಟ್ ಹಾಕಿ, ಮೈ ಮುಂದಕ್ಕೆ ಬಾಗಿಸಿ, ಜಾಯ್‌ಸ್ಟಿಕ್ ಮೆಲ್ಲಗೆ ಒತ್ತಬೇಕು. ಮಧ್ಯೆ ನಿಲ್ಲಿಸಿ ಜರ್ಕ್ ಕೊಟ್ಟರೆ ಹಿಂದಕ್ಕೆ ಮಗುಚಬಹುದು. ನಡುಚಕ್ರದ್ದರಲ್ಲಿ ಹಿಂದೆಯೂ ಮುಂದೆಯೂ ಪುಟ್ಟ ಚಕ್ರಗಳಿವೆ, ಆ ಭಯ ಕಡಿಮೆ.

ಆದರೆ ಅದು ಸಿಕ್ಕಿಕೊಂಡಿದ್ದು ಏರಿನಲ್ಲಲ್ಲ, ಏರಿನ ಬುಡದಲ್ಲಿ. ಒಂದು ಬ್ಯಾಂಕಿನ ಮುಂದೆ ರಸ್ತೆಗೂ ರ‍್ಯಾಂಪಿಗೂ ನಡುವೆ ನೀರು ಹರಿಯುವ ತಗ್ಗು. ಮುಂದಿನ ಪುಟ್ಟ ಚಕ್ರ ರ‍್ಯಾಂಪಿನ ಮೇಲೆ, ಹಿಂದಿನದು ರಸ್ತೆ ಮೇಲೆ. ಮೋಟಾರಿನ ಚಕ್ರ ತಗ್ಗಿನ ಮೇಲೆ ನೇತಾಡುತ್ತಾ ಗರಗರ ಸುತ್ತಿತು. ಕುರ್ಚಿ ಒಂದಿಂಚೂ ಕದಲಲಿಲ್ಲ. ಹಿಂದೆ ಆಟೋ ಹಾರನ್ ಬೇರೆ. ಯಾರೋ "ನ್ಯೂಟ್ರಲ್ ಮಾಡಿ, ಎಳೀತೀವಿ" ಅಂದರು. ಬೇಡವೇ ಬೇಡ ಅಂದೆ. ನ್ಯೂಟ್ರಲ್ ಅಂದರೆ ಲಿವರ್ ತಿರುಗಿಸಿ ಮೋಟಾರನ್ನು ಚಕ್ರದಿಂದ ಬಿಡಿಸುವುದು, ಆಗ ಬ್ರೇಕೂ ಬಿಟ್ಟ ಹಾಗೆ. ಇಳಿಜಾರಿನಲ್ಲಿ ಕುರ್ಚಿ ಸೀದಾ ಉರುಳುತ್ತದೆ. ಹೂ ಮಾರುವ ಅಕ್ಕ ಬಂದು ಹಿಂದಿನಿಂದ ಒಂದು ಸಲ ಜೋರಾಗಿ ತಳ್ಳಿದರು, ಚಕ್ರಕ್ಕೆ ನೆಲ ಸಿಕ್ಕಿತು. ಮರುದಿನ ಅದೇ ತಗ್ಗನ್ನು ನನ್ನ ಕುರ್ಚಿಯಲ್ಲಿ ನೇರವಾಗಿ ದಾಟಿದೆ. ಕುಲುಕಿತು, ನಿಲ್ಲಲಿಲ್ಲ.

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಕಲ್ಲುಹಾಸಿನ ಮೇಲೆ ಮಾತ್ರ ಅವನದ್ದೇ ಸುಖ, ಸಸ್ಪೆನ್ಷನ್ ಚೆನ್ನಾಗಿದೆ. ನನ್ನದರಲ್ಲಿ ಹಲ್ಲು ಕಟಕಟ.

ಮಳೆ ಬಿದ್ದ ಮಣ್ಣಿನಲ್ಲಿ ಎರಡರದ್ದೂ ಮುಂದಿನ ಪುಟ್ಟ ಚಕ್ರ ಹೂತುಕೊಳ್ಳುತ್ತದೆ. ನನ್ನದಕ್ಕೆ ಒಂದು ಉಪಾಯ ಇದೆ. ಕುರ್ಚಿ ತಿರುಗಿಸಿ ಹಿಂದಕ್ಕೆ ಓಡಿಸುವುದು. ದೊಡ್ಡ ಚಕ್ರ ಮೊದಲು ಹೋಗಿ ಪುಟ್ಟದನ್ನು ಎಳೆದುಕೊಳ್ಳುತ್ತದೆ. ಹಿಂದೆ ನೋಡೋಕೆ ಒಬ್ಬರು ಜೊತೆಗಿರಲಿ. ಜಾಯ್‌ಸ್ಟಿಕ್‌ಗೆ ಪ್ಲಾಸ್ಟಿಕ್ ಕವರ್ ಹಾಕಿ, ನೀರು ಇಳಿದರೆ ಕೆಟ್ಟುಹೋಗುತ್ತದೆ.

ದಿನವೆಲ್ಲ ಫ್ಲ್ಯಾಟು, ಆಫೀಸು ಅಂತ ಇರುವವರಿಗೆ ನಡುಚಕ್ರದ್ದನ್ನೇ ಹೇಳುತ್ತೇನೆ. ದಿನಾ ಬೀದಿಗೆ ಹೋಗುವ ನನಗೆ ನನ್ನದೇ ಸರಿ. ಕೊಳ್ಳುವವರು ಅಂಗಡಿಯ ಟೈಲ್ಸ್ ಮೇಲೆ ಓಡಿಸಿ ಒಪ್ಪಬೇಡಿ. ನೀವು ದಿನಾ ದಾಟುವ ಆ ತಗ್ಗಿಗೇ ಕುರ್ಚಿ ತಂದು ತೋರಿಸಿ ಅಂತ ಕೇಳಿ.