ಬ್ಯಾಕ್‌ಗ್ರೌಂಡಲ್ಲಿ ಕೋಡ್ ಬರೆಯೋ ಪ್ಲಾಟ್‌ಫಾರ್ಮ್‌ಗೆ ಬಿಲ್ಲಿಂಗ್ ಕೋಡ್ ಕೊಡೋ ಮುಂಚೆ ಓದಿ

ಡೆಸ್ಕ್‌ಟಾಪ್ ಎಡಿಟರ್ ಬಿಟ್ಟು, ಟಿಕೆಟ್ (ಮಾಡ್ಬೇಕಾದ ಕೆಲಸದ ಚೀಟಿ) ಹಾಕಿದ್ರೆ ತಾನೇ ಎಲ್ಲೋ ಸರ್ವರಲ್ಲಿ ಕೋಡ್ ಬರೆದು ಪುಲ್ ರಿಕ್ವೆಸ್ಟ್, ಅಂದ್ರೆ ಈ ಬದಲಾವಣೆ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ ಕಳಿಸೋ ಎಐ ಪ್ಲಾಟ್‌ಫಾರ್ಮ್‌ಗೆ ಹೋಗೋಣ ಅಂತಿರೋ ಚಿಕ್ಕ ಟೀಮ್‌ನವರು ದಯವಿಟ್ಟು ಪೂರ್ತಿ ಓದಿ. ಕಂಪನಿ ಹೆಸರು ಹೇಳ್ತಿಲ್ಲ, ಈ ತೊಂದ್ರೆ ಯಾವ್ದರಲ್ಲಿ ಬೇಕಾದ್ರೂ ಆಗ್ಬಹುದು.

ನಾವು ಲಾಡ್ಜ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡೋರು. ರೂಮ್ ರೇಟಿಗೆ ಸಂಬಂಧಪಟ್ಟ ಸಣ್ಣ ಟಿಕೆಟ್ ಒಂದನ್ನ ಅಂಥ ಒಂದು ಪ್ಲಾಟ್‌ಫಾರ್ಮ್‌ಗೆ ಕೊಟ್ಟಿದ್ವಿ. ನಮ್ಮ ಲ್ಯಾಪ್‌ಟಾಪ್‌ಗಳು ಭಾರತದ ಟೈಮಲ್ಲಿರ್ತವೆ, ಅದು ಕೋಡ್ ಓಡಿಸೋ ಕಂಟೇನರ್ (ಸರ್ವರೊಳಗಿನ ಪ್ರತ್ಯೇಕ ಜಾಗ) ಯುಟಿಸಿಲಿ, ಅಂದ್ರೆ ಜಾಗತಿಕ ಪ್ರಮಾಣ ಸಮಯದಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದೆ. ಮಾರ್ಚ್ 31ರ ರಾತ್ರಿ 11ಕ್ಕೆ ಮಾಡಿದ ಬಿಲ್ಲಿಗೆ ಅದೇ ತಾರೀಕು ಬರ್ಬೇಕು ಅನ್ನೋ ಟೆಸ್ಟ್ ನಮ್ಮಲ್ಲಿ ಪಾಸ್, ಅಲ್ಲಿ ಫೇಲ್, ಯಾಕಂದ್ರೆ ಯುಟಿಸಿ ರಾತ್ರಿ 11 ಅಂದ್ರೆ ನಮ್ಗೆ ಆಗ್ಲೇ ಏಪ್ರಿಲ್ 1ರ ಬೆಳಗಿನ ಜಾವ ನಾಲ್ಕೂವರೆ. ಆ ಎಐ ಏನ್ ಮಾಡ್ತು ಗೊತ್ತಾ, ಟೈಮನ್ನ ಭಾರತದ ಟೈಮಿಗೆ ಬದಲಾಯಿಸೋ ಸಾಲನ್ನೇ ಕಿತ್ತಾಕ್ತು! ಅಲ್ಲಿ ಟೆಸ್ಟ್ ಪಾಸಾಯ್ತು, ನಮ್ಮ ಲ್ಯಾಪ್‌ಟಾಪಲ್ಲೂ ಪಾಸೇ, ಅದು ಮೊದಲೇ ಭಾರತದ ಟೈಮಲ್ಲಿದೆಯಲ್ಲ. ಪುಲ್ ರಿಕ್ವೆಸ್ಟ್ ವಿವರಣೆಯಲ್ಲಿ ಬರೆದಿದ್ದು "ಫೇಲ್ ಆಗ್ತಿದ್ದ ಟೆಸ್ಟ್ ಸರಿಪಡಿಸಲಾಗಿದೆ" ಅಂತ ಅಷ್ಟೇ, ಟೆಸ್ಟೆಲ್ಲ ಹಸಿರಾದ್ರೆ (ಪಾಸಾದ್ರೆ) ತಾನೇ ಮರ್ಜ್ ಮಾಡೋ, ಅಂದ್ರೆ ಮುಖ್ಯ ಕೋಡಿಗೆ ಸೇರಿಸೋ ಸೆಟ್ಟಿಂಗ್ ಪ್ಲಾಟ್‌ಫಾರ್ಮ್‌ನವ್ರೇ ಆನ್ ಮಾಡಿ ಕೊಟ್ಟಿದ್ರು.

ನಮ್ಮ ಪ್ರೊಡಕ್ಷನ್ ಸರ್ವರ್ (ಗಿರಾಕಿಗಳು ನಿಜವಾಗಿ ಬಳಸೋದು) ಕೂಡ ಯುಟಿಸಿಲೇ ಇರೋದು. ಹಂಗಾಗಿ ಮಧ್ಯರಾತ್ರಿ 12ರಿಂದ ಬೆಳಗ್ಗೆ ಐದೂವರೆವರೆಗೆ ಚೆಕ್‌ಔಟ್ ಆದ ಪ್ರತಿ ಬಿಲ್ಲಿಗೂ ಹಿಂದಿನ ದಿನದ ತಾರೀಕು ಬಿತ್ತು. ಬಸ್ಸು, ರೈಲಿಗೆ ಹೋಗೋರು ಲಾಡ್ಜ್ ಖಾಲಿ ಮಾಡೋದೇ ಆ ಹೊತ್ತಲ್ಲಿ. ಏಪ್ರಿಲ್ 1ರ ಬೆಳಗಿನ ಜಾವದ ಬಿಲ್‌ಗಳು ಮಾರ್ಚ್ 31ಕ್ಕೆ, ಅಂದ್ರೆ ಹಳೇ ಆರ್ಥಿಕ ವರ್ಷಕ್ಕೆ ಹೋಗಿ ಕೂತ್ವು. ಜಿಎಸ್‌ಟಿ ರಿಟರ್ನ್ ಹಾಕೋ ಟೈಮಲ್ಲಿ ಒಬ್ಬ ಲಾಡ್ಜ್ ಮಾಲೀಕರ ಆಡಿಟರ್ ಕಂಡುಹಿಡಿದ್ರು, ಆಮೇಲೆ ಒಂದೊಂದೇ ಬಿಲ್ ಹುಡುಕಿ ಸರಿ ಮಾಡ್ಸಿದ್ದು. ವರ್ಷಗಟ್ಟಲೆ ನಂಬಿದ್ದ ಗಿರಾಕಿಗಳು, ಅವ್ರಿಗೆ ಉತ್ತರ ಕೊಡೋವಾಗ ನಿಜ್ವಾಗ್ಲೂ ಸಂಕಟ ಆಯ್ತು. ಪ್ಲಾಟ್‌ಫಾರ್ಮ್ ಸಪೋರ್ಟ್‌ನವರು ಎಲ್ಲ ಸೆಟ್ಟಿಂಗ್ ಪ್ರಕಾರವೇ ನಡೆದಿದೆ ಅಂದ್ರು.

ಡೆಸ್ಕ್‌ಟಾಪ್ ಟೂಲ್ ಕೂಡ ತಪ್ಪು ಮಾಡುತ್ತೆ, ಆದ್ರೆ ಅಲ್ಲಿ ಕಣ್ಣೆದುರೇ ಸಾಲು ಕೆಂಪಾಗಿ ಅಳಿಸಿ ಹೋಗೋದು ಕಾಣುತ್ತೆ, ಏಯ್ ಇದ್ಯಾಕೆ ತೆಗೀತಿದೆ ಅಂತ ಅಲ್ಲೇ ನಿಲ್ಲಿಸ್ಬಹುದು. ತಾರೀಕು, ತೆರಿಗೆ, ದುಡ್ಡು ಮುಟ್ಟೋ ಕೋಡನ್ನ ನಾವೀಗ ಡೆಸ್ಕ್‌ಟಾಪಲ್ಲೇ ಮಾಡ್ತೀವಿ. ಲೈಬ್ರರಿ ಅಪ್‌ಡೇಟು, ಡಾಕ್ಯುಮೆಂಟೇಶನ್ನು ಬೇಕಾದ್ರೆ ಬ್ಯಾಕ್‌ಗ್ರೌಂಡಿಗೆ ಕೊಡಿ.

ಈಗಾಗ್ಲೇ ಬಳಸ್ತಿದ್ರೆ ಆಟೋ ಮರ್ಜ್ ಇವತ್ತೇ ಆಫ್ ಮಾಡಿ, ಒಬ್ಬ ಮನುಷ್ಯ ಅಪ್ರೂವ್ ಮಾಡ್ದೆ ಮೇನ್ ಬ್ರಾಂಚಿಗೆ (ಮುಖ್ಯ ಕೋಡಿಗೆ) ಏನೂ ಹೋಗ್ದಿರೋ ಹಂಗೆ ಲಾಕ್ ಹಾಕಿ. ಟೆಸ್ಟ್‌ಗಳನ್ನ ಯುಟಿಸಿಲೂ ಏಷ್ಯಾ/ಕೋಲ್ಕತಾ ಟೈಮ್‌ಝೋನಲ್ಲೂ ಎರಡು ಸಲ ಓಡ್ಸಿ, ಟೆಸ್ಟ್ ತಾನಾಗೇ ಓಡಿಸೋ ಗಿಟ್‌ಹಬ್ ಆಕ್ಷನ್ಸ್ ಸೇವೆಯಲ್ಲಿ ಗಿಟ್‌ಹಬ್‌ನವ್ರೇ ಕೊಡೋ ರನ್ನರ್‌ಗಳೂ (ಟೆಸ್ಟ್ ಓಡೋ ಸರ್ವರ್‌ಗಳು) ಯುಟಿಸಿಲೇ ಇರ್ತವೆ. ಹಳೇ ಮರ್ಜ್‌ಗಳಲ್ಲಿ ಟಿಕೆಟ್ಟಿಗೆ ಸಂಬಂಧವೇ ಇಲ್ಲದ ಫೈಲ್ ಏನಾದ್ರೂ ಬದಲಾಗಿದ್ರೆ ಮೊದ್ಲು ಅದನ್ನ ತೆಗೆದು ನೋಡಿ, ನಮ್ದು ಸಿಕ್ಕಿದ್ದು ಅಂಥ ಒಂದು ಫೈಲಲ್ಲೇ.