ಪೊಲೀಸ್, ಫೈರ್ ಸ್ಕ್ಯಾನರ್ ಕೊಳ್ಳುವ ಮುನ್ನ: ‘ಎಲ್ಲವೂ ಕೇಳಿಸುತ್ತದೆ’ ಎನ್ನುವವರನ್ನು ನಂಬಬೇಡಿ

ಕ್ಯಾಲಿಫೋರ್ನಿಯಾದಲ್ಲಿ ಕಾಳ್ಗಿಚ್ಚಿನ ಕಾಲ ಬಂತೆಂದರೆ ಪೊಲೀಸರ ಹಾಗೂ ಅಗ್ನಿಶಾಮಕ ದಳದವರ ರೇಡಿಯೋ ಮಾತುಕತೆ ಕೇಳಿಸುವ ಕೈ ಸ್ಕ್ಯಾನರ್‌ಗಳ ಜಾಹೀರಾತುಗಳು ಎಲ್ಲೆಡೆ ಕಾಣತೊಡಗುತ್ತವೆ. ಬೇ ಏರಿಯಾದ ಕನ್ನಡದ ಮನೆಗಳಲ್ಲಿಯೂ ಇದನ್ನು ಕೊಳ್ಳಬೇಕೆಂದಿರುವವರು ಕೆಲವರಿದ್ದಾರೆ. ಅವರಿಗೆ ನಾನು ಹೇಳಬೇಕಾದದ್ದು ಇಷ್ಟು: ನಿಮ್ಮ ಊರಿನ ಪೊಲೀಸರು ಯಾವ ವ್ಯವಸ್ಥೆಯಲ್ಲಿ ಮಾತಾಡುತ್ತಾರೆ, ಆ ಮಾತು ಎನ್‌ಕ್ರಿಪ್ಟ್ ಆಗಿದೆಯೇ (ಅಂದರೆ ಕೀಲಿಯಿಲ್ಲದವರಿಗೆ ತಿಳಿಯದಂತೆ ಗೂಢಲಿಪಿಗೆ ಬದಲಾಗಿದೆಯೇ) ಎಂಬ ಎರಡು ಸಂಗತಿಗಳನ್ನು ನೀವೇ ಖುದ್ದಾಗಿ ನೋಡಿಕೊಳ್ಳುವವರೆಗೆ ಒಂದು ಡಾಲರನ್ನೂ ಕೊಡಬೇಡಿ.

2020ರ ಆಗಸ್ಟ್‌ನಲ್ಲಿ ಸಿಡಿಲು ಬಡಿದು ಹೊತ್ತಿಕೊಂಡ ಬೆಂಕಿ ಸಾಂತಾ ಕ್ಲಾರಾ ಕಣಿವೆಯ ಎರಡೂ ಬದಿಯ ಬೆಟ್ಟಗಳನ್ನು ಸುಟ್ಟದ್ದನ್ನು ಇಲ್ಲಿದ್ದವರಾರೂ ಮರೆತಿಲ್ಲ. ಪೂರ್ವದ ಬೆಟ್ಟಗಳ ಬುಡದಲ್ಲಿ ಮನೆಯಿರುವ ನಮಗೆ, ಬೆಂಕಿ ಎತ್ತ ಸಾಗುತ್ತಿದೆ, ಯಾವ ರಸ್ತೆ ಮುಚ್ಚಿದೆ ಎಂಬುದು ಸುದ್ದಿವಾಹಿನಿಗೆ ಬರುವ ಮೊದಲೇ ತಿಳಿದರೆ ಒಳ್ಳೆಯದೆಂದು ಅನ್ನಿಸಿತ್ತು. ಆನ್‌ಲೈನ್‌ನಲ್ಲಿ ಹಳೆಯ ಸಾಮಾನು ಮಾರುವ ವ್ಯಕ್ತಿಯೊಬ್ಬ, “ಸಾಂತಾ ಕ್ಲಾರಾ ಕೌಂಟಿಯ ಪೊಲೀಸ್, ಫೈರ್ ಎಲ್ಲವನ್ನೂ ಪ್ರೋಗ್ರಾಂ ಮಾಡಿ ಕೊಡುತ್ತೇನೆ, ಆನ್ ಮಾಡಿದರೆ ಸಾಕು” ಎಂದು ಬರೆದು, ಜತೆಗೆ ಸೆಟ್ಟು ಮಾತಾಡುತ್ತಿರುವ ಚಿಕ್ಕ ವಿಡಿಯೋವೊಂದನ್ನೂ ಹಾಕಿದ್ದ. ಇನ್ನೂರು ಡಾಲರಿಗೂ ಹೆಚ್ಚು ಹಣ ಪಡೆದು ಆತ ಕಳಿಸಿದ ಸೆಟ್ಟಿನ ತೆರೆಯ ಮೇಲೆ ಪೊಲೀಸ್ ಡಿಸ್ಪ್ಯಾಚ್ 1, 2, 3 ಎಂಬ ಹೆಸರುಗಳು ಅಚ್ಚುಕಟ್ಟಾಗಿ ಮೂಡುತ್ತಿದ್ದವು. ಆ ಹೆಸರುಗಳ ಕೆಳಗಿದ್ದದ್ದು ಮಾತ್ರ ಪೊಲೀಸರು ಬಿಟ್ಟುಹೋಗಿದ್ದ, 460 ಮೆಗಾಹರ್ಟ್ಸ್ ಆಸುಪಾಸಿನ ಹಳೆಯ ಫ್ರೀಕ್ವೆನ್ಸಿಗಳು. ಅಂಕಿಗಳು ಒಂದರ ಹಿಂದೊಂದು ಓಡುತ್ತಲೇ ಇದ್ದವು, ಯಾವುದರ ಮೇಲೂ ನಿಲ್ಲಲಿಲ್ಲ. ವಿಡಿಯೋದಲ್ಲಿ ಕೇಳಿಸಿದ್ದ ದನಿ ಸರ್ಕಾರದ ಹವಾಮಾನ ಪ್ರಸಾರದ್ದೆಂದು ಆಮೇಲೆ ಗೊತ್ತಾಯಿತು. 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ಚಾನೆಲ್‌ಗಳಲ್ಲಿ ಹಗಲೂ ರಾತ್ರಿ ಬರುವ ಈ ಪ್ರಸಾರವನ್ನು ಕೇಳಲು ಸ್ಕ್ಯಾನರ್ ಬೇಕಿಲ್ಲ. ಕಡಿಮೆ ಬೆಲೆಯ ಹವಾಮಾನ ರೇಡಿಯೋ ಒಂದಿದ್ದರೆ ಸಾಕು.

ಸೆಟ್ಟಿನಲ್ಲಿ ಪೊಲೀಸರ ಮಾತು ಕೇಳಿಸದೇ ಹೋದುದರ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಮಾರುವವರು ಬಂಡವಾಳ ಮಾಡಿಕೊಳ್ಳುವುದು ಕೊಳ್ಳುವವರಿಗೆ ಇದು ಗೊತ್ತಿಲ್ಲವೆಂಬುದನ್ನೇ. ಹಿಂದೆ ಪ್ರತಿ ಇಲಾಖೆಗೂ ತನ್ನದೇ ಅನಲಾಗ್ ಚಾನೆಲ್ ಇರುತ್ತಿದ್ದುದರಿಂದ ಆ ಫ್ರೀಕ್ವೆನ್ಸಿಗೆ ಹೊಂದಿಸಿದರೆ ಮಾತು ಕೇಳಿಸುತ್ತಿತ್ತು. ಈಗ ಅಮೆರಿಕದ ದೊಡ್ಡ ಊರುಗಳಲ್ಲಿ ಹೆಚ್ಚಾಗಿರುವುದು ಪಿ25 ಎಂಬ ಡಿಜಿಟಲ್ ಮಾನದಂಡದ ಟ್ರಂಕಿಂಗ್ ವ್ಯವಸ್ಥೆ. ಇದರಲ್ಲಿ ಹಲವು ಇಲಾಖೆಗಳು ಒಂದೇ ಫ್ರೀಕ್ವೆನ್ಸಿ ಗುಂಪನ್ನು ಹಂಚಿಕೊಳ್ಳುತ್ತವೆ. ಯಾರು ಮಾತಾಡಲು ಗುಂಡಿ ಒತ್ತಿದರೂ, ಆ ಕ್ಷಣಕ್ಕೆ ಯಾವ ಫ್ರೀಕ್ವೆನ್ಸಿ ಖಾಲಿಯಿದೆಯೋ ಅದನ್ನು ಕಂಟ್ರೋಲ್ ಚಾನೆಲ್ ಎಂಬುದು ಅವರ ಟಾಕ್‌ಗ್ರೂಪಿಗೆ, ಅಂದರೆ ಒಟ್ಟಿಗೆ ಮಾತಾಡುವ ಬಳಗಕ್ಕೆ, ಒದಗಿಸುತ್ತದೆ. ನಮ್ಮ ಕೌಂಟಿಯ ವ್ಯವಸ್ಥೆ ಪಿ25ರ ಎರಡನೆಯ ಹಂತದ್ದು, ಅಂದರೆ ಅದರ ಹೊಸ ರೂಪದ್ದು, 700 ಮೆಗಾಹರ್ಟ್ಸ್ ಫ್ರೀಕ್ವೆನ್ಸಿಗಳಲ್ಲಿ ನಡೆಯುವಂಥದ್ದು. ನಮಗೆ ಬಂದ ಅನಲಾಗ್ ಸೆಟ್ಟಿನ ವ್ಯಾಪ್ತಿ 512 ಮೆಗಾಹರ್ಟ್ಸ್‌ಗೇ ಮುಗಿಯುತ್ತಿತ್ತು. ಎಷ್ಟು ಪ್ರೋಗ್ರಾಂ ಮಾಡಿದರೂ ಆ ಸೆಟ್ಟು ಅಲ್ಲಿಗೆ ತಲುಪುವಂತಿರಲಿಲ್ಲ, ಮತ್ತು ಇದು ಮಾರಿದವನಿಗೆ ತಿಳಿಯದ ಸಂಗತಿಯಾಗಿರಲಿಲ್ಲ.

ದೂರು ಹೇಳಿದಾಗ ಆತ ಹಣ ಹಿಂದಿರುಗಿಸುವ ಬದಲು, “ಪೊಲೀಸರು ಲಾಕ್ ಮಾಡಿದ್ದಾರೆ, ಅನ್‌ಲಾಕ್ ಫೈಲ್ ಹಾಕಿದರೆ ಕೇಳಿಸುತ್ತದೆ” ಎಂದು ಇನ್ನಷ್ಟು ಹಣ ಕೇಳಿದ. ಹಣ ಸಂದಾಯವಾದ ಮೇಲೆ ಬಂದ ಫೈಲಿನಲ್ಲಿ ಇದ್ದದ್ದು ಮೊದಲಿನ ಪಟ್ಟಿಯೇ, ಹೆಸರುಗಳಷ್ಟೇ ಬದಲಾಗಿದ್ದವು. ನನಗೆ ಹೆಚ್ಚು ಸಿಟ್ಟು ತರಿಸಿದ್ದು ಈ ಎರಡನೆಯ ಮೋಸ. ಎನ್‌ಕ್ರಿಪ್ಟ್ ಆದ ಪೊಲೀಸ್ ಮಾತನ್ನು ಬಿಡಿಸಿ ಕೇಳಿಸುವ ಸ್ಕ್ಯಾನರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇಂದು ಬಳಕೆಯಲ್ಲಿರುವ ಎಇಎಸ್ 256 ಬಿಟ್ ಗೂಢಲಿಪಿಯ ಕೀಲಿ ಇಲಾಖೆಯ ಸೆಟ್ಟುಗಳಲ್ಲಿ ಮಾತ್ರ ಇರುತ್ತದೆ. ಅದನ್ನು ಬಿಡಿಸಿಕೊಡುವುದಾಗಿ ಹೇಳಿ ಹಣ ಕೇಳುವವರು ಯಾರೇ ಆಗಿರಲಿ, ಅವರು ಹೇಳುತ್ತಿರುವುದು ಸುಳ್ಳು.

2020ರ ಅಕ್ಟೋಬರಿನಲ್ಲಿ ರಾಜ್ಯದ ನ್ಯಾಯ ಇಲಾಖೆಯು, ಜನರ ಖಾಸಗಿ ವಿವರಗಳು ರೇಡಿಯೋದಲ್ಲಿ ಬಹಿರಂಗವಾಗಬಾರದೆಂದು ಪೊಲೀಸ್ ಇಲಾಖೆಗಳಿಗೆ ಸೂಚನೆ ನೀಡಿದ ಬಳಿಕ ಕ್ಯಾಲಿಫೋರ್ನಿಯಾದ ಅನೇಕ ಊರುಗಳು ಇಡೀ ಚಾನೆಲ್ಲನ್ನೇ ಎನ್‌ಕ್ರಿಪ್ಟ್ ಮಾಡಿಬಿಟ್ಟವು. ಪಾಲೊ ಆಲ್ಟೊ ಮಾತ್ರ 2021ರ ಜನವರಿಯಲ್ಲಿ ಮುಚ್ಚಿದ್ದನ್ನು 2022ರಲ್ಲಿ ಮತ್ತೆ ತೆರೆಯಿತು. ಹೀಗೆ ಪಕ್ಕಪಕ್ಕದ ಊರುಗಳಲ್ಲೇ ಸ್ಥಿತಿ ಬೇರೆ ಬೇರೆಯಾಗಿರುವುದರಿಂದ, ಗೆಳೆಯರ ಮನೆಯಲ್ಲಿ ಕೇಳಿಸುವುದು ನಿಮ್ಮಲ್ಲಿಯೂ ಕೇಳಿಸೀತೆಂದು ಎಣಿಸಬೇಡಿ.

ಪರೀಕ್ಷಿಸುವ ದಾರಿ ಸುಲಭವಾಗಿಯೇ ಇದೆ. ರೇಡಿಯೋರೆಫರೆನ್ಸ್ ಎಂಬ ಜಾಲತಾಣದ ದತ್ತಾಂಶ ಕೋಶದಲ್ಲಿ ನಿಮ್ಮ ಕೌಂಟಿಯನ್ನು ತೆರೆದರೆ ಪ್ರತಿ ಟಾಕ್‌ಗ್ರೂಪಿನ ಎದುರು ಒಂದೆರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಡಿ ಎಂದರೆ ಡಿಜಿಟಲ್, ಟಿ ಎಂದರೆ ಎರಡನೆಯ ಹಂತದ್ದು. ಅವುಗಳ ಪಕ್ಕದಲ್ಲಿ ದೊಡ್ಡ ಇ ಇದ್ದರೆ ಅದು ಪೂರ್ತಿ ಎನ್‌ಕ್ರಿಪ್ಟ್ ಆಗಿದೆ, ಚಿಕ್ಕ ಇ ಇದ್ದರೆ ಕೆಲವೊಮ್ಮೆ ಮಾತ್ರ. ಪೊಲೀಸ್ ಸಾಲುಗಳಲ್ಲೆಲ್ಲ ದೊಡ್ಡ ಇ ಕಂಡರೆ, ಏಳುನೂರು ಡಾಲರಿನ ಸೆಟ್ಟು ತಂದರೂ ಪೊಲೀಸರ ಮಾತು ಕೇಳಿಸದು. ಇ ಇಲ್ಲದಿದ್ದರೆ, ನೀವು ಕೊಳ್ಳುವ ಮಾಡೆಲ್ ಪಿ25ರ ಎರಡನೆಯ ಹಂತವನ್ನು ಹಿಡಿಯುತ್ತದೆಯೇ ಎಂದು ತಯಾರಕರ ಕೈಪಿಡಿಯಲ್ಲೇ ನೋಡಿ. ಇನ್ನೊಂದು ತೊಡಕೂ ಉಂಟು: ಹಲವು ಗೋಪುರಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಮಾತನ್ನು ಏಕಕಾಲಕ್ಕೆ ಬಿತ್ತರಿಸುವ ಸೈಮಲ್‌ಕಾಸ್ಟ್ ಪ್ರದೇಶಗಳಲ್ಲಿ, ಆ ಅಲೆಗಳು ಕ್ಷಣದ ಚೂರಿನಷ್ಟು ಹಿಂದುಮುಂದಾಗಿ ಬಂದು ಮುಟ್ಟುವುದರಿಂದ ಎಷ್ಟೋ ಡಿಜಿಟಲ್ ಸೆಟ್ಟುಗಳಲ್ಲೂ ಮಾತು ತುಂಡುತುಂಡಾಗುತ್ತದೆ. 2018ರಲ್ಲಿ ಬಂದ ಯೂನಿಡೆನ್ ಎಸ್‌ಡಿಎಸ್100 ಇದನ್ನು ನಿಭಾಯಿಸಲೆಂದೇ ರೂಪಿಸಿದ ಕೈ ಸೆಟ್ಟು. ಅದರ ಬೆಲೆ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ.

ಅನಲಾಗ್ ಸೆಟ್ಟು ಪೂರ್ತಿ ನಿರುಪಯೋಗಿ ಎಂದು ನಾನು ಹೇಳುತ್ತಿಲ್ಲ. ಕಾಡಿನ ಬೆಂಕಿ ನಂದಿಸುವ ಕ್ಯಾಲ್ ಫೈರ್ ತಂಡಗಳು ಬಹುಮಟ್ಟಿಗೆ 151 ಮೆಗಾಹರ್ಟ್ಸ್‌ನಿಂದ ಮೇಲಿನ ಅನಲಾಗ್ ಚಾನೆಲ್‌ಗಳಲ್ಲೇ ಮಾತಾಡುತ್ತವೆ, ಮತ್ತು ಬೆಟ್ಟದ ಬಳಿ ಅದು ಕೇಳಿಸುತ್ತದೆ. ಆ ಒಂದು ಉದ್ದೇಶಕ್ಕೇ ಬೇಕೆಂದು ತಿಳಿದು ಕೊಂಡರೆ ತಪ್ಪೇನಿಲ್ಲ. ಆದರೆ ಮನೆ ಬಿಟ್ಟು ಹೊರಡುವ ನಿರ್ಧಾರವನ್ನು ಸ್ಕ್ಯಾನರಿನ ಮೇಲೆ ನಿಲ್ಲಿಸಬೇಡಿ. ರೇಡಿಯೋದಲ್ಲಿ ಕೇಳಿಸುವುದು ಅರ್ಧ ಸಂಭಾಷಣೆ, ಅದೂ ನಮಗೆ ಪರಿಚಯವಿಲ್ಲದ ಸಂಕೇತಗಳಲ್ಲಿ. ಸಾಂತಾ ಕ್ಲಾರಾದವರು ಅಲರ್ಟ್ ಎಸ್‌ಸಿಸಿಯಲ್ಲಿ, ಉಳಿದವರು ತಮ್ಮ ಕೌಂಟಿಯ ಎಚ್ಚರಿಕೆ ಸೇವೆಯಲ್ಲಿ ಫೋನ್ ನಂಬರನ್ನು ನೋಂದಾಯಿಸಿ, ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರ ಫೋನುಗಳನ್ನೂ ಸೇರಿಸಿ. ವಾಚ್ ಡ್ಯೂಟಿ ಎಂಬ ಆ್ಯಪ್‌ನಲ್ಲಿ ಅನುಭವಿಗಳೇ ಈ ಚಾನೆಲ್‌ಗಳನ್ನು ಆಲಿಸಿ ತಿಳಿಯುವಂತೆ ಬರೆದು ಹಾಕುತ್ತಾರೆ.

ಸ್ಕ್ಯಾನರ್ ಎಂಬ ಹೆಸರಿನಲ್ಲಿ ಅಗ್ಗದ ವಾಕಿಟಾಕಿಗಳನ್ನು ಮಾರುವವರೂ ಇದ್ದಾರೆ. ಸ್ಕ್ಯಾನರಿನಲ್ಲಿ ಕೇಳುವುದಷ್ಟೇ ಸಾಧ್ಯ. ವಾಕಿಟಾಕಿಯಲ್ಲಿ ಮಾತಾಡುವ ಗುಂಡಿಯೂ ಇರುತ್ತದೆ, ಮಕ್ಕಳ ಕೈ ಅದರ ಮೇಲೆ ಬಿದ್ದರೂ ಸಾಕು, ತುರ್ತು ಚಾನೆಲ್ಲಿಗೆ ಅಡ್ಡಿಯಾಗಬಹುದು. 2021ರಲ್ಲಿ ಐಡಹೊ ರಾಜ್ಯದ ಕಾಡಿನ ಬೆಂಕಿಯೊಂದರ ವೇಳೆ ಅರಣ್ಯ ಸೇವೆಯ ಚಾನೆಲ್ಲಿನಲ್ಲಿ ಮಾತಾಡಿದ ಹವ್ಯಾಸಿ ರೇಡಿಯೋ ಪರವಾನಗಿದಾರರೊಬ್ಬರಿಗೆ, ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿ ಮರುವರ್ಷ 34,000 ಡಾಲರ್ ದಂಡ ಪ್ರಸ್ತಾಪಿಸಿತು.

ಕಾರಿನಲ್ಲಿ ಒಯ್ಯುವವರು ರಾಜ್ಯದ ಕಾನೂನು ನೋಡಿಕೊಳ್ಳಬೇಕು. ನ್ಯೂಯಾರ್ಕ್, ಫ್ಲಾರಿಡಾ, ಇಂಡಿಯಾನ, ಕೆಂಟಕಿ, ಮಿನೆಸೋಟಗಳಲ್ಲಿ ವಾಹನದಲ್ಲಿ ಪೊಲೀಸ್ ಸ್ಕ್ಯಾನರ್ ಇಟ್ಟುಕೊಳ್ಳುವುದಕ್ಕೆ ನಿರ್ಬಂಧಗಳಿವೆ. ಕ್ಯಾಲಿಫೋರ್ನಿಯಾದಲ್ಲಿಯೂ ಕೇಳಿದ್ದನ್ನು ಅಪರಾಧಕ್ಕೆ ಅಥವಾ ಬಂಧನ ತಪ್ಪಿಸಿಕೊಳ್ಳಲು ಬಳಸಿದರೆ ಶಿಕ್ಷೆ ಉಂಟು. ಇನ್ನು ಭಾರತಕ್ಕೆ ಹೋಗುವಾಗ ತಮ್ಮನಿಗೋ ಭಾವನಿಗೋ ಉಡುಗೊರೆಯೆಂದು ಇದನ್ನು ಸೂಟ್‌ಕೇಸಿಗೆ ಹಾಕಬೇಡಿ. ಅಲ್ಲಿ ಪರವಾನಗಿಯಿಲ್ಲದೆ ರೇಡಿಯೋ ಉಪಕರಣ ಇಟ್ಟುಕೊಳ್ಳುವುದನ್ನು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯೇ ನಿಷೇಧಿಸಿತ್ತು, 2023ರ ದೂರಸಂಪರ್ಕ ಕಾಯ್ದೆಯೂ ಅದಕ್ಕೆ ಸರ್ಕಾರದ ಅನುಮತಿ ಬೇಕೆನ್ನುತ್ತದೆ. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಉತ್ತರ ಹೇಳಬೇಕಾದವರು ನೀವೇ.